ಅಪ್ಪನ ಕಾರ್ನೆಟ್

ಗಾಳಿಗೆ ಚೂಪು ಅಂಚು ಆಗದು.
ಮಾರಿಸ್ ಮೈನರಿನ ಕಾರ್ಬುರೇಟರ್ ಬಾಯಲ್ಲಿ
ಎಡವಿ, ಸುಳಿ ಸುತ್ತಿ,
ಅರೆಬರೆ ಒಳಹೋಗುತ್ತದೆ.
ಅದಕ್ಕೇ ಬೆಥೆಸ್ಡಾದ ದಿಬ್ಬದಲ್ಲಿ ಈ ಏದುಸಿರು.

"ತುತ್ತೂರಿಯಂಥ ಬಾಯಿ ಕೂರಿಸು," ಅಂದ ಎಮ್ರಿಸ್.
ಅಂಗಡಿಯದಕ್ಕೆ ನಲವತ್ತು ಪೌಂಡು.

ಅಟ್ಟದಲ್ಲಿತ್ತು ಅಪ್ಪನ ಕಾರ್ನೆಟ್,
ಸ್ಲೇಟುಗಣಿಯ ಬ್ಯಾಂಡಿನದು, ಗುಂಡಿಗಳು ಕಚ್ಚಿಕೊಂಡದ್ದು.
ಐವತ್ತೆರಡರಲ್ಲೇ ಅವನು ಊದಲಾರದಾದ;
ಒಂದು ಮೆಟ್ಟಿಲ ಮೇಲೆ ಕೂತು
ಮುಂದಿನ ಮೆಟ್ಟಿಲನ್ನು ನೋಡುತ್ತಿದ್ದ.

ಗರಗಸ ಇಟ್ಟಾಗ ಅಮ್ಮ ರೇಡಿಯೋ ಜೋರು ಮಾಡಿದಳು.

ಕೊಳವೆ ಒಂದೂಕಾಲು ಇಂಚಿರುವಲ್ಲಿ ಕೊಯ್ದು
ಅರದಿಂದ ಉಜ್ಜಿ, ಎರಡು ಬೋಲ್ಟಿನಲ್ಲಿ ಬಿಗಿದೆ.
ಫಿಲ್ಟರ್ ಯಾಕೆ, ಬರಿಬಾಯಿಯೇ ಚೆನ್ನ, ಅಂದ ಎಮ್ರಿಸ್.
ಮಾತಾಡದೆ ಹೊದಿಸಿದೆ.
ಈ ಊರಿನ ಧೂಳು ನಮ್ಮ ಮನೆಗೆ ಗೊತ್ತು.

ಗಾಳಿ ಹೆಚ್ಚಾಗಿ ಮೊದಲು ಕೆಮ್ಮಿತು ಕಾರು.
ಸೂಜಿ ಬದಲಿಸಿ ಪೆಟ್ರೋಲು ಸರಿದೂಗಿಸಿದೆ.

ಈಗ ದಿಬ್ಬವನ್ನು ಮೂರನೇ ಗೇರಿನಲ್ಲೇ ಏರುತ್ತದೆ.
ಸ್ವರವಿಲ್ಲ. ಸಣ್ಣದೊಂದು ಸೀಟಿಯುಸಿರು,
ಒಳಮುಖವಾಗಿ.
ಅಮ್ಮ ಕಿಟಕಿ ಇಳಿಸಿ ಕೇಳಿಸಿಕೊಂಡಳು.
"ಶ್ರುತಿ ತಪ್ಪಿದೆ," ಅಂದಳು.
ಕಿಟಕಿ ಏರಿಸಲಿಲ್ಲ.