ಹೆಗಲಿಂದ ಇಳಿದ ಮೂಟೆ

ಟ್ರಿಯೆಸ್ತೆ ಬಂದರು, ಸುಂಕದ ಕಚೇರಿ, ನಾಲ್ಕನೇ ಮಹಡಿ.
ಬೆಳಗಿನ ಜಾವ ಮೂರು ಹನ್ನೆರಡಕ್ಕೆ
ನನ್ನ ಪ್ರೋಗ್ರಾಂ ಮತ್ತೆ ಸತ್ತಿತು.
ಸತ್ತಿತು ಅನ್ನಬಾರದು, ಕೊಂದದ್ದು.
ಮೆಮೊರಿ ಮುಗಿದಾಗ ಯಂತ್ರವೇ ಹುಡುಕುತ್ತದೆ
ಯಾರ ಹೊಟ್ಟೆ ಎಲ್ಲರಿಗಿಂತ ದೊಡ್ಡದೆಂದು.
ಅಷ್ಟೇ ವಿಚಾರಣೆ.

ಸಾಂತೋಸ್‌ನಿಂದ ಹಡಗು. ಹಡಗಿಗಿಂತ ಮುಂಚೆ ಅದರ ಕಾಗದ:
ಒಂದು ಲಕೋಟೆ, ಒಳಗೊಂದು ತಲೆ, ತಲೆಯ ಕೆಳಗೊಂದು ಒಡಲು,
ಒಡಲಲ್ಲಿ ಅರುವತ್ತು ಸಾವಿರ ಮೂಟೆ ಕಾಫಿ.
ಮೂಟೆ ಮೂಟೆಗೂ ತೂಕ, ತೇವ, ತೋಟದ ಹೆಸರು,
ಹೆಸರು ಹೆಸರಿಗೂ ತೆರೆಯಲೊಂದು ಬಾಗಿಲು, ಮುಚ್ಚಲೊಂದು.
ಡಿಸ್ಕಿನಲ್ಲಿ ಮಲಗಿದ್ದಾಗ ನಾನ್ನೂರು ಎಂಬಿ.
ಪರ್ಲ್ ಅದನ್ನೆಬ್ಬಿಸಿ ಮರವಾಗಿ ನಿಲ್ಲಿಸಿದರೆ
ಎಲೆಗೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಚೀಟಿ,
ಐದು ಜಿಬಿ.

"ಮೆಮೊರಿ ಹಾಕಿಸೋಣ" ಅಂದ ಫುಲ್ವಿಯೋ.
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.
ಹಾಕಿಸಿದ. ಎರಡು ವಾರ ಬದುಕಿತು.
ಆಮೇಲೆ ಸಾಂತೋಸ್‌ನವರು
ಪ್ರತಿ ಮೂಟೆಗೂ ಫೋಟೊ ಲಗತ್ತಿಸತೊಡಗಿದರು.

ಲಿವಿಯೋ, ನನ್ನಮ್ಮನ ಎರಡನೇ ಗಂಡ,
ಇದೇ ಕಟ್ಟೆಯಲ್ಲಿ ಮೂವತ್ತೊಂದು ವರ್ಷ ಹೊತ್ತವನು,
ಕೇಳಿ ನಕ್ಕ, ಕೆಮ್ಮು ಬರುವ ತನಕ:
"ಇಡೀ ಹಡಗನ್ನು ಹೆಗಲಿಗೇರಿಸಿಕೊಂಡು
ಆಮೇಲೆ ಎಣಿಸೋಕೆ ಶುರುಮಾಡ್ತೀಯಾ, ನೇವಿಯಾ?"
ನಿನಗೆ ಲೆಕ್ಕ ನೆನಪಿರುತ್ತಿತ್ತಾ ಅಂದೆ.
"ನನಗ್ಯಾಕೆ? ಬಾಗಿಲ ಮೇಲೆ ಸೀಮೆಸುಣ್ಣ ಇತ್ತು.
ಐದಕ್ಕೊಂದು ಅಡ್ಡಗೆರೆ.
ಹೆಗಲಿಂದ ಇಳಿದ ಮೂಟೆ ನನ್ನದಲ್ಲ."

ಸೋಮವಾರ ಮರ ಕಡಿದೆ.
ಬರುವುದು ಬಂದ ಹಾಗೇ ಕಡತಕ್ಕೆ ಸುರಿಯಲಿ, ಚೂರು ಚೂರಾಗಿ.
ಆಮೇಲೆ ಓದು. ಮೂಟೆಯ ಬಾಗಿಲು ಮುಚ್ಚಿತೋ,
ತೂಗು, ಗೆರೆ ಎಳೆ,
ಬಿಡು.

ಆದರೂ ಗ್ರಾಫ್ ಏರುತ್ತಿತ್ತು,
ಒಲೆಯ ಮೇಲೆ ಮರೆತ ಹಾಲಿನಂತೆ, ಸದ್ದಿಲ್ಲದೆ.
ಎರಡು ದಿನ ಹುಡುಕಿದೆ.
ಮೂಟೆ ಹಡಗಿನ ಕೈ ಹಿಡಿದಿತ್ತು, ಹಡಗು ಮೂಟೆಯದು.
ಪರ್ಲ್‌ಗೆ ಗೊತ್ತಿರುವುದು ಒಂದೇ ಧರ್ಮ:
ಯಾರಾದರೂ ಹಿಡಿದಿರುವವರೆಗೆ ಯಾರನ್ನೂ ಕಳಿಸುವುದಿಲ್ಲ.
ತೊಂಬತ್ತೊಂಬತ್ತರಲ್ಲಿ ಬರೆದವಳು ನಾನೇ.
ಆಗ ಮೂವತ್ತು ನನಗೆ, ಏನನ್ನೂ ಬಿಡುವವಳಲ್ಲ.
ಈಗ ಒಂದು ಕೈ ಸಡಿಲಿಸಿದೆ. ಒಂದೇ ಸಾಲು.

ಮೂವತ್ತೆಂಟು ಎಂಬಿ.
ಮೂರು ಹನ್ನೆರಡಾಯಿತು, ಮೂರು ಹದಿಮೂರಾಯಿತು.
ಬೋರಾ ಗಾಳಿ ಕಿಟಕಿಯನ್ನು ಒದೆಯುತ್ತಿತ್ತು,
ಗೆರೆ ಮಾತ್ರ ಅಲುಗಲಿಲ್ಲ.

ಭಾನುವಾರ ಲಿವಿಯೋಗೆ ಹೇಳಿದೆ. ತಲೆಯಾಡಿಸಿದ.
ಒಂದು ಮೂಟೆಯೂ ನೆನಪಿಲ್ಲವಾ, ನಿಜವಾಗಿಯೂ?
ಬಟ್ಟಲು ತಿರುಗಿಸಿದ. "ಒಂದು.
ಹರಾರ್‌ನಿಂದ ಬಂದದ್ದು. ಕೊಕ್ಕೆ ತಗುಲಿ ಹರಿಯಿತು.
ಕಾಳಿನ ನಡುವೆ ಮರದ ಬಾಚಣಿಗೆ,
ಹಲ್ಲಿನಲ್ಲಿ ಇನ್ನೂ ಎರಡು ಕೂದಲು.
ನಿನ್ನಮ್ಮನ ಡ್ರಾದಲ್ಲಿ ಇರೋದು ಅದೇ."

ಯಾವ ಪಟ್ಟಿಯಲ್ಲಿ ಬರೆಸಿದೆ ಅದನ್ನು?

"ಅದಕ್ಕೆಲ್ಲಿತ್ತು ಕಾಲಂ?"