ಗ್ರೇಡಿಂಗ್

ಪುರಭವನದ ವೇದಿಕೆಯಲ್ಲಿ ವಿಶ್ಲೇಷಕರು ಕೇಳಿದರು:
ತೆರಿಗೆ ಕಟ್ಟುವವನಿಗೂ ಒಂದು ವೋಟು,
ಕಟ್ಟದವನಿಗೂ ಒಂದೇ, ಇದು ಯಾವ ನ್ಯಾಯ?
ಊಟದ ಹೊತ್ತಿಗೆ ಫ್ಯಾಕ್ಟರಿ ಹಿಂದಿನ ಕಟ್ಟೆಯಲ್ಲಿ
ಮೊಬೈಲಿನಲ್ಲಿ ನಾವೂ ನೋಡಿದೆವು.

ವಿಂಗಡಿಸುವುದು ನನಗೂ ಗೊತ್ತುಂಟು ಮಾರಾಯ್ರೆ.
ಹತ್ತೊಂಬತ್ತು ವರ್ಷ ಗೇರುಬೀಜ ಆರಿಸಿದ ಕೈ.
ನೂರೆಂಬತ್ತು ಬೇರೆ, ಮುನ್ನೂರಿಪ್ಪತ್ತು ಬೇರೆ,
ಹೋಳು, ತುಂಡು, ನುಚ್ಚು,
ಕಣ್ಣು ಮುಚ್ಚಿದರೂ ತಪ್ಪುವುದಿಲ್ಲ.
ಅವರ ಎದುರಿನ ತಟ್ಟೆಯಲ್ಲಿದ್ದದ್ದು ನೂರೆಂಬತ್ತು.
ಮಾತಿನ ನಡುವೆ ಎರಡು ಬಾಯಿಗೆ ಹಾಕಿಕೊಂಡರು.

ನಮ್ಮ ಸುಗುಣಕ್ಕ ಕಟಿಂಗಿನವಳು.
ಕಳೆದ ಸಲ ದೇರೇಬೈಲು ಶಾಲೆಯ ಬೂತಿನಲ್ಲಿ
ಶಾಯಿ ಹಿಡಿದ ಹುಡುಗ
ಅವಳ ಬೆರಳನ್ನು ಆಚೆ ಈಚೆ ತಿರುಗಿಸಿ
'ಆಗಲೇ ಹಾಕಿ ಆಯ್ತಾ?' ಅಂದಿದ್ದ.
ಗೇರು ಸೊನೆಯ ಕಪ್ಪು ಅದು,
ಒಂದು ಬೆರಳಿಗಲ್ಲ, ಹತ್ತಕ್ಕೂ.
ನಾನು ನಕ್ಕೆ. ಅವಳು ನಗಲಿಲ್ಲ.
'ಉಗುರಿನ ಬುಡದಲ್ಲಿ ಚೂರು ಜಾಗ ಉಂಟು ಮಗಾ,
ಅಲ್ಲಿಗೆ ಹಾಕು.'

ತೆರಿಗೆಯಾ?
ಒಂದು ಸಾಬೂನಿಗೆ ಎಷ್ಟು ಅಂತ ಅವರು ಹೇಳಲಿಲ್ಲ.
ಸುಗುಣಕ್ಕನಿಗೆ ವಾರಕ್ಕೆರಡು ಬೇಕು.
ಉಜ್ಜಿ ಉಜ್ಜಿ
ಶಾಯಿಯಾದರೂ ತಿಂಗಳಿಗೆ ಹೋಯಿತು.

ಸೈರನ್ ಆಯ್ತು.
ಮೊಬೈಲು ಸೆರಗಿನ ಗಂಟಿಗೆ ಹೋಯಿತು.
ಅವರಿನ್ನೂ ಒಳಗೆ ಮಾತಾಡುತ್ತಲೇ ಇದ್ದರು,
ನಿಲ್ಲಿಸಲು ಮರೆತಿದ್ದೆ.