ಪಟಸಂಖ್ಯೆ

ಸಂದರ್ಶನ ಹನ್ನೊಂದಕ್ಕ ಅಂತ
ಬೋರ್ಡಿನ ಮ್ಯಾಲ ಮರಾಠಿಯೊಳಗ ದಪ್ಪಗ ಬರದೆ,
ಕೆಳಗ ಕನ್ನಡದಾಗ, ಬಳಪ ಸವದು, ಸಣ್ಣಗ.
ನಾಕನೇ ವರ್ಗದ ಖೋಲಿ ಖಾಲಿ ಮಾಡಿಸಿ
ಹನ್ನೆರಡು ಮಕ್ಕಳನ್ನ ಬೇವಿನ ಬುಡಕ ಕೂಡಿಸಿದ್ದೆ.
ಬಂದವರು ಹಾದು ಬಂದರು. ಎಣಿಸಲಿಲ್ಲ ಯಾರೂ.

ಮೂರು ಖುರ್ಚಿ: ಸಂಸ್ಥೆಯ ಅಧ್ಯಕ್ಷ ಬಿರಾಜದಾರ ಅಣ್ಣಾರಿಗೊಂದು,
ಸಾಂಗ್ಲಿಯಿಂದ ಬಂದ ಅಧಿಕಾರಿಗೊಂದು,
ಕಾಲು ಅಲಗೂದು ನನಗ.
ಹುದ್ದೆ: ಶಾಲಾ ಸಮಾಜ ಕಾರ್ಯಕರ್ತರು. ವರ್ಷದ ಕರಾರು.
ಪ್ರಶ್ನೆ ನಾನೇ ಬರಕೊಂಡಿದ್ದೆ, ಒಂದೇ ಒಂದು:
ದೀಪಾವಳಿ ಮುಗದ ಮ್ಯಾಲ ಒಂದು ಕೂಸು ಸಾಳಿಗೆ ಬರಲಿಲ್ಲ.
ಏನ ಮಾಡತೀರಿ?

ಪ್ರಾಜಕ್ತಾ ಮೋಹಿತೆ, ಮಿರಜ, ಬಂಗಾರದ ಪದಕ,
ಫೈಲಿನ ಹಾಳಿಗೆಲ್ಲ ಪ್ಲಾಸ್ಟಿಕ್ಕಿನ ಅಂಗಿ.
ಐದು ಹಂತದಾಗ ಹೇಳಿದಳು, ಬೆರಳು ಮಡಚಿ ಮಡಚಿ;
ಕಿರಿಬೆರಳು ಮುಗಿಯೂದ್ರಾಗ ಕೂಸು ಬಂದು ಕೂತಿತ್ತು.
ಕನ್ನಡ ಬರತದೇನವಾ ಅಂದ್ರ
"ಶಿಕೇನ ನಾ" ಅಂತ ನಕ್ಕಳು. ಸುಳ್ಳು ನಗಿ ಅಲ್ಲ ಅದು.

ಗುರುಪಾದ ತೇಲಿ, ಆಚಿ ಊರಿನವ, ಕನ್ನಡ ನೀರು ಕುಡದಂಗ.
"ಮಾಡೂದೇನ್ರೀ, ಅವರಪ್ಪನ್ನ ಕರಿಸಿ ಝಾಡಿಸೂದು!"
ಅಣ್ಣಾರು ಮೇಜು ತಟ್ಟಿದರು.
ಏನಂದ ಅಂತ ಅಧಿಕಾರಿ ನನ್ನ ಕಡೆ ನೋಡಿದರು.
ಝಾಡಿಸೂದಕ್ಕ ನಾ "ಸಮುಪದೇಶನ" ಅಂದೆ.

ಆಮ್ಯಾಲ ಶೇವಂತಾ ಐವಳೆ.
ಚಪ್ಪಲಿ ಹೊಸ್ತಿಲದಾಚಿಗೆ ಬಿಟ್ಟು ಬಂದಳು, ಉಳಿದವರು ಬಿಟ್ಟಿದ್ದಿಲ್ಲ.
ಕಲಿತ ಸಾಳಿ ಅನ್ನೂ ಖಾನೆದಾಗ ಜಾಗಾ ಸಾಲದ
ಅರ್ಜಿಯ ಬೆನ್ನಿಗೆ ಬರದಿದ್ದಳು:
ಶಿರೋಳ, ವಾಳವಾ, ಕರಾಡ, ಮತ್ತ ಶಿರೋಳ,
ಕಬ್ಬಿನ ಟ್ರಕ್ಕು ಹೋಗೂ ಹಾದಿಗುಂಟ.

ಪ್ರಶ್ನೆ ಕೇಳಿದೆ. ಉತ್ತರ ಕೊಡಲಿಲ್ಲ.
"ಬಾಯಿ, ಆ ಹಾಜರಿ ಪುಸ್ತಕ ನೋಡಲೇನು?"
ಮೇಜಿನ ಮ್ಯಾಲೇ ಇತ್ತು, ಚಾದ ಕಪ್ಪು ಬಸಿ ಹೊತಗೊಂಡು.
ಬ್ಯಾಡ ಅನ್ನಾಕ ಕಾರಣ ಸಿಗಲಿಲ್ಲ.

ಬೆರಳು ನವೆಂಬರದಾಗ ಇಳೀತು.
ಲಖಪ್ಪ: ಹಾಜರ, ಹಾಜರ, ಹಾಜರ.
ಮಾಯವ್ವ: ಜನವರಿ ತುಂಬಾ ಹಾಜರ.
ಒಂದೇ ಪೆನ್ನು, ಒಂದೇ ಓಟ,
ಎಲ್ಲಾ ಒಂದೇ ಸಂಜೀಕ ಬರದಂಗ.
"ಒಂದು ಕೂಸೂ ಹೋಗಿಲ್ಲಲ್ಲ ನಿಮ್ಮಲ್ಲಿ" ಅಂದಳು.
ಕುಹಕ ಇರಲಿಲ್ಲ ಅದರಾಗ. ಇತ್ತೋ ಏನೋ.
"ಈ ಸಲ ಮುಕಾದಮ ಉಚಲ ಕೊಡಲಿಲ್ಲೇನ್ರೀ?"

ಅಣ್ಣಾರು ಫೋನಿನಾಗ ಇದ್ದರು.
ಅಧಿಕಾರಿಗೆ ಕನ್ನಡ ತಿಳಿಯೂದಿಲ್ಲ.
ಕೇಳಿಸಿಕೊಂಡಾಕಿ ನಾ ಒಬ್ಬಾಕಿ.

ಇಪ್ಪತ್ತಕ್ಕ ಒಂದು ಕಡಿಮಿ ಆದ್ರ
ಕನ್ನಡ ವರ್ಗಕ್ಕ ಕೀಲಿ ಬೀಳತದ.
ಎಂಟು ಮಂದಿ ಫಡದಾಗ ಕಬ್ಬಿನ ವಾಡಿ ಹೊರತಾವ,
ಸಂಗಾಟ ನಮ್ಮ ಸಾಳಿನೂ ಹೊರತಾವ,
ಇಷ್ಟು ಹೇಳಬೇಕಿತ್ತು ಆಕೀಗೆ.
ಹೇಳಿದ್ರ ನಾ ಎದ್ದು ಆಕಿ ಖುರ್ಚಿಗೆ ಹೋಗಿ ಕೂಡಬೇಕಾಗತಿತ್ತು.

"ಕಾಯ ಮ್ಹಣಾಲಿ?" ಅಂದರು ಅಧಿಕಾರಿ.
ಅನುಭವ ಇನ್ನಾ ಕಡಿಮಿ ಅಂತಾಳ, ನಾ ಅಂದೆ,
ಮರಾಠಿಯೊಳಗ, ಭಾಳ ಚಂದ ಮರಾಠಿ.

ಆಕೀಗೂ ಮರಾಠಿ ಬರತಿತ್ತು.
ಫಡದ ಸಾಳಿಗೋಳು ಕಲಿಸಿದ ಮರಾಠಿ.
ಪುಸ್ತಕ ಮುಚ್ಚಿದಳು. ಬಸಿ ಎತ್ತಿ
ರಟ್ಟಿನ ಮ್ಯಾಲಿನ ಚಾದ ಉಂಗುರದ ಮ್ಯಾಲೇ
ಸರಿಯಾಗಿ ಕೂಡಿಸಿದಳು, ಒಂದು ಹನಿ ತುಳುಕದಂಗ.

ಪ್ರಾಜಕ್ತಾ ಒಂದನೇ ತಾರೀಖಿಗೆ ಹಾಜರಾದಳು.
ಒಳ್ಳೆ ಹುಡುಗಿ. ಖರೇನ ಒಳ್ಳೆಯಾಕಿ.
ಬಂದ್ಯಾ, ಉಂಡ್ಯಾ, ಯಾಕ ಅಳತಿ,
ದಿನಕ್ಕೊಂದು ಮಾತು ನಾನೇ ಹೇಳಿಕೊಡತೀನಿ.
ಮಕ್ಕಳು ಆಕಿ ಸೆರಗು ಬಿಡೂದಿಲ್ಲ.

ಮೊನ್ನೆ ಬಿಸಿಯೂಟದ ಹೊತ್ತಿಗೆ
ಹಾಜರಿ ಪುಸ್ತಕ ಎದಿಗೆ ಅವಚಿಕೊಂಡು ಬಂದಳು,
ಒಂದೊಂದೇ ಅಕ್ಷರ ಒರೆಸಿ ಇಟ್ಟಂಗ ಕೇಳಿದಳು:
"ಬಾಯಿ, ಮಾಯವ್ವ ಯಾರು?
ನಾನು ನೋಡಿಲ್ಲ."

ವ್ಯಾಕರಣ ತಪ್ಪಿರಲಿಲ್ಲ.